ಅಸೆಂಬ್ಲರ್ ಬರೆಯುವಾಗ: ಇನ್‌ಸ್ಟ್ರಕ್ಷನ್ ಹುಡುಕುವುದು ಹೇಗೆ, ಆಪರೆಂಡ್ ಬಿಡಿಸುವುದು ಹೇಗೆ

ಸ್ವಂತಕ್ಕೊಂದು ಅಸೆಂಬ್ಲರ್, ಅಂದರೆ ಹೆಸರಿನಲ್ಲಿ ಬರೆದ ಇನ್‌ಸ್ಟ್ರಕ್ಷನ್‌ಗಳನ್ನು ಪ್ರೊಸೆಸರ್‌ನ ಬೈಟ್‌ಗಳಿಗೆ ಬದಲಿಸುವ ಪ್ರೋಗ್ರಾಮ್, ಬರೆಯಲು ಕೂತವರು ಮೊದಲ ದಿನವೇ ಒಂದು ಉದ್ದನೆಯ ಸ್ವಿಚ್ ಬರೆದುಬಿಡುತ್ತಾರೆ. ಎಲ್‌ಡಿಎ ಅನ್ನುವ ಇನ್‌ಸ್ಟ್ರಕ್ಷನ್ ಬಂತಾ, ಹೀಗೆ ಮಾಡು. ಜೆಎಂಪಿ ಬಂತಾ, ಹಾಗೆ ಮಾಡು. ಒಂದೇ ಪ್ರೊಸೆಸರ್‌ಗೆ, ಅದೂ ಚಿಕ್ಕದಕ್ಕೆ, ಇದು ನಡೆಯುತ್ತದೆ. ಎರಡನೆಯದನ್ನು ಸೇರಿಸಬೇಕು ಅಂದಾಗ ಕೈ ಕಟ್ಟಿಹೋಗುತ್ತದೆ. ಕಾಮಾ ಹುಡುಕುವ ಕೋಡ್, ಕಂಸ ಬಿಡಿಸುವ ಕೋಡ್, ಬೈಟ್ ಬರೆಯುವ ಕೋಡ್ ಎಲ್ಲವೂ ಅಷ್ಟರಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಇದಕ್ಕಿಂತ ನೆಮ್ಮದಿಯ ದಾರಿ ಒಂದಿದೆ. ಪ್ರೊಸೆಸರ್‌ನ ವಿವರವೆಲ್ಲ ಒಂದು ಟೇಬಲ್‌ನಲ್ಲಿರಲಿ. ಆಪರೆಂಡನ್ನು, ಅಂದರೆ ಇನ್‌ಸ್ಟ್ರಕ್ಷನ್ ಹೆಸರಿನ ಮುಂದೆ ಬರುವ ಬೆಲೆ, ವಿಳಾಸ ಇತ್ಯಾದಿಯನ್ನು, ಒಂದೇ ಸಲ ಬಿಡಿಸಿ. ಬಿಡಿಸಿದ್ದನ್ನು ಟೇಬಲ್‌ನ ಸಾಲುಗಳಿಗೆ ಹೊಂದಿಸಿ ನೋಡಿ. ಅಷ್ಟೇ. ದೊಡ್ಡ ಅಸೆಂಬ್ಲರ್‌ಗಳೂ ಕೆಲಸವನ್ನು ಹೀಗೇ ಹಂಚಿಕೊಂಡಿವೆ: ಗ್ನೂ ಅಸೆಂಬ್ಲರ್‌ನಲ್ಲಿ ಎಲ್ಲಕ್ಕೂ ಸೇರಿದ ಭಾಗ ಬೇರೆ, ಒಂದೊಂದು ಪ್ರೊಸೆಸರ್‌ನ ಭಾಗ ಬೇರೆ ಫೈಲಿನಲ್ಲಿದೆ. ನ್ಯಾಸ್ಮ್‌ನಲ್ಲಿ ಎಕ್ಸ್86 ಇನ್‌ಸ್ಟ್ರಕ್ಷನ್‌ಗಳೆಲ್ಲ ಒಂದು ಡೇಟಾ ಫೈಲಿನಲ್ಲಿವೆ, ಒಂದು ಪರ್ಲ್ ಸ್ಕ್ರಿಪ್ಟ್ ಅದನ್ನು ಓದಿ ಸಿ ಟೇಬಲ್‌ಗಳನ್ನು ತಯಾರಿಸುತ್ತದೆ.

ಉದಾಹರಣೆಗೆ ಹೆಚ್ಚಾಗಿ 6502 ತೆಗೆದುಕೊಳ್ಳುತ್ತೇನೆ. 1975ರ ಪ್ರೊಸೆಸರ್, 56 ಹೆಸರುಗಳು, ಅಧಿಕೃತವಾಗಿ 151 ಆಪ್‌ಕೋಡ್‌ಗಳು (ಇನ್‌ಸ್ಟ್ರಕ್ಷನ್‌ನ ಒಂದೊಂದು ರೂಪವನ್ನು ಗುರುತಿಸುವ ಬೈಟ್). ತಲೆಯಲ್ಲಿ ಹಿಡಿಸುವಷ್ಟು ಚಿಕ್ಕದು, ಆದರೂ ತಕರಾರುಗಳೆಲ್ಲ ಅದರಲ್ಲಿವೆ. ಬೇಕಾದಲ್ಲಿ ಜೆಡ್80, ಆರ್ಮ್ ಕಡೆಗೂ ಹೋಗೋಣ. ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ನಿಮ್ಮ ಸೋರ್ಸ್ ಫೈಲಿನಲ್ಲಿ ಅವು ಮಾಮೂಲಿ ರೂಪದಲ್ಲೇ ಇರುತ್ತವೆ.

ಮೊದಲು ಟೇಬಲ್

ಕೋಡಿಗೆ ಕೈ ಹಾಕುವ ಮುಂಚೆ ಟೇಬಲ್ ಬರೆಯಿರಿ. ಒಂದು ಸಾಲಿನಲ್ಲಿ ನಾಲ್ಕು ವಿಷಯ ಸಾಕು: ಹೆಸರು, ಆಪರೆಂಡ್‌ಗಳ ಬಗೆ, ಆಪ್‌ಕೋಡ್, ಇದು ಯಾವ ಮಾಡೆಲ್‌ನಲ್ಲಿ ಇದೆ ಅನ್ನುವ ಗುರುತು. ಎಲ್‌ಡಿಎ ಒಂದಕ್ಕೇ 6502ನಲ್ಲಿ ಎಂಟು ಸಾಲು ಬೇಕು (# ಅಂದರೆ ವಿಳಾಸವಲ್ಲ, ಬೆಲೆಯೇ; ಝೀರೋ ಪೇಜ್ ಅಂದರೆ 0ರಿಂದ 255ರೊಳಗಿನ ಒಂದು ಬೈಟಿನ ವಿಳಾಸ; ಆಬ್ಸಲ್ಯೂಟ್ ಅಂದರೆ ಎರಡು ಬೈಟಿನ ವಿಳಾಸ; ಎಕ್ಸ್, ವೈ ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳು; ಆಪ್‌ಕೋಡ್ ಹದಿನಾರರ ಲೆಕ್ಕದಲ್ಲಿದೆ; ಮಾಡೆಲ್ ಗುರುತು ಎಲ್ಲಕ್ಕೂ ಒಂದೇ ಆದ್ದರಿಂದ ಬಿಟ್ಟಿದ್ದೇನೆ):

ಎಲ್‌ಡಿಎ | #ಬೈಟ್ | ಎ9
ಎಲ್‌ಡಿಎ | ಝೀರೋ ಪೇಜ್ | ಎ5
ಎಲ್‌ಡಿಎ | ಆಬ್ಸಲ್ಯೂಟ್ | ಎಡಿ
ಎಲ್‌ಡಿಎ | ಝೀರೋ ಪೇಜ್, ಎಕ್ಸ್ | ಬಿ5
ಎಲ್‌ಡಿಎ | ಆಬ್ಸಲ್ಯೂಟ್, ಎಕ್ಸ್ | ಬಿಡಿ
ಎಲ್‌ಡಿಎ | ಆಬ್ಸಲ್ಯೂಟ್, ವೈ | ಬಿ9
ಎಲ್‌ಡಿಎ | (ಝೀರೋ ಪೇಜ್,ಎಕ್ಸ್) | ಎ1
ಎಲ್‌ಡಿಎ | (ಝೀರೋ ಪೇಜ್), ವೈ | ಬಿ1

ಇದರಲ್ಲಿ ಎರಡು ಸಂಗತಿ ಗಮನಿಸಿ. ಒಂದು, ಒಂದೇ ಹೆಸರಿನ ಸಾಲುಗಳು ಒಟ್ಟಿಗೇ ಇವೆ, ಹಾಗಾಗಿ ಹೆಸರು ಸಿಕ್ಕರೆ ಸಾಕು, ಅಲ್ಲಿಂದ ಕೆಳಗಿಳಿಯುತ್ತಾ ಹೋಗಬಹುದು. ಎರಡು, ಝೀರೋ ಪೇಜ್ ಸಾಲು ಆಬ್ಸಲ್ಯೂಟ್ ಸಾಲಿಗಿಂತ ಮೇಲಿದೆ. ಇದು ಸುಮ್ನೆ ಬಂದದ್ದಲ್ಲ. ಮೇಲಿನಿಂದ ಕೆಳಗೆ ನೋಡುತ್ತಾ ಮೊದಲು ಹೊಂದಿದ ಸಾಲನ್ನೇ ಹಿಡಿಯುತ್ತೇವೆ, ಹಾಗಾಗಿ ಕಡಿಮೆ ಬೈಟ್ ಹಿಡಿಯುವ ರೂಪ ಮೇಲಿದ್ದರೆ ಅದೇ ಸಿಗುತ್ತದೆ. ಯಾವ ರೂಪ ಒಳ್ಳೆಯದು ಎಂದು ಲೆಕ್ಕ ಹಾಕುವ ಬೇರೆ ಕೋಡ್ ಬೇಕಾಗಿಲ್ಲ. ಎಕ್ಸ್86ನಲ್ಲೂ ಇದೇ ಕಥೆ: ಇಎಎಕ್ಸ್‌ಗೆ 5 ಕೂಡಿಸಲು 83ರಿಂದ ಶುರುವಾಗುವ 3 ಬೈಟಿನ ರೂಪವೂ ಇದೆ, 05ರಿಂದ ಶುರುವಾಗುವ 5 ಬೈಟಿನ ರೂಪವೂ ಇದೆ. ಚಿಕ್ಕದು ಮೇಲಿರಲಿ.

ಹೆಸರು ಹುಡುಕುವುದು

ಇದರ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟು ಬೇಕಿಲ್ಲ. ಪ್ರೋಗ್ರಾಮ್ ಶುರುವಾದಾಗ ಟೇಬಲ್ ಮೇಲೆ ಒಂದು ಸಲ ಓಡಿ, ಪ್ರತಿ ಹೆಸರಿಗೂ ಅದರ ಮೊದಲ ಸಾಲಿನ ನಂಬರ್ ಮತ್ತು ಎಷ್ಟು ಸಾಲುಗಳಿವೆ ಅನ್ನುವುದನ್ನು ಹ್ಯಾಶ್ ಟೇಬಲ್‌ಗೆ ಹಾಕಿ. ನಿಮ್ಮ ಭಾಷೆಯಲ್ಲಿ ಮ್ಯಾಪ್ ಇದ್ದರೆ ಅದನ್ನೇ ಬಳಸಿ. ಸಿ ಭಾಷೆಯಲ್ಲಿ ಕೈಯಾರೆ ಬರೆಯುವುದಾದರೆ ಎಫ್‌ಎನ್‌ವಿ-1ಎ ಹ್ಯಾಶ್ ಸಾಕು: 2166136261ರಿಂದ ಶುರು ಮಾಡಿ, ಪ್ರತಿ ಅಕ್ಷರದ ಬೈಟ್ ಜೊತೆ ಎಕ್ಸ್‌ಓಆರ್, ಆಮೇಲೆ 16777619ರಿಂದ ಗುಣಾಕಾರ, ಎಲ್ಲ 32 ಬಿಟ್‌ನಲ್ಲಿ. 56 ಹೆಸರಿಗೆ ಬೈನರಿ ಸರ್ಚ್ ಮಾಡಿದರೂ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಹುಡುಕುವ ಮುಂಚೆ ಹೆಸರನ್ನು ಸಣ್ಣ ಅಕ್ಷರಕ್ಕೆ ಇಳಿಸಿಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ: ಜಾವಾದಂಥ ಭಾಷೆಗಳಲ್ಲಿ ಈ ಕೆಲಸ ಕಂಪ್ಯೂಟರಿನ ಲೋಕೇಲ್ ಸೆಟ್ಟಿಂಗ್ ನೋಡಿ ನಡೆಯುತ್ತದೆ. ಟರ್ಕಿಶ್ ಸೆಟ್ಟಿಂಗ್ ಇದ್ದರೆ ದೊಡ್ಡ ಐ ಅಕ್ಷರ ಚುಕ್ಕಿ ಇಲ್ಲದ ಬೇರೆಯೇ ಅಕ್ಷರವಾಗುತ್ತದೆ, ಆಗ ಐಎನ್‌ಸಿ ಅನ್ನುವ ಇನ್‌ಸ್ಟ್ರಕ್ಷನ್ ಟೇಬಲ್‌ನಲ್ಲಿ ಸಿಗುವುದೇ ಇಲ್ಲ. ಲೋಕೇಲ್‌ಗೆ ಸಂಬಂಧವಿಲ್ಲದ ರೀತಿಯಲ್ಲಿ ಇಳಿಸಿ.

ನಿಜವಾದ ತೊಡಕು ಹೆಸರಿನ ಬಾಲದಲ್ಲಿದೆ. 68000ರಲ್ಲಿ ಮೂವ್ ಆದ ಮೇಲೆ ಚುಕ್ಕಿ ಇಟ್ಟು ಬಿ, ಡಬ್ಲ್ಯು ಅಥವಾ ಎಲ್ ಬರೆಯುತ್ತಾರೆ, ಅದು ಅಳತೆ. ಅಂದರೆ ಚುಕ್ಕಿ ಕಂಡಲ್ಲಿ ಕತ್ತರಿಸಬೇಕು. ಆದರೆ ರಿಸ್ಕ್-ವಿಯಲ್ಲಿ ಎಫ್‌ಎಡಿಡಿ.ಎಸ್ ಎನ್ನುವಾಗ ಚುಕ್ಕಿ ಹೆಸರಿನದೇ ಭಾಗ. ಸಾಮಾನ್ಯ ಭಾಗದಲ್ಲಿ ಚುಕ್ಕಿ ಕತ್ತರಿಸುವ ಕೋಡ್ ಇಟ್ಟರೆ ಇವೆರಡರಲ್ಲಿ ಒಂದು ಕೆಡುತ್ತದೆ. ಹಾಗಾಗಿ ನಿಯಮ ಇಷ್ಟು: ಮೊದಲು ಹೆಸರನ್ನು ಇಡಿಯಾಗಿ ಹುಡುಕಿ. ಸಿಗದಿದ್ದರೆ ಮಾತ್ರ, ಬಾಲ ಕತ್ತರಿಸುವುದಿದ್ದರೆ ಕತ್ತರಿಸು ಎಂದು ಆ ಪ್ರೊಸೆಸರ್‌ನ ಭಾಗಕ್ಕೆ ಒಪ್ಪಿಸಿ.

ಹಳೆಯ 32 ಬಿಟ್ ಆರ್ಮ್‌ನಲ್ಲಿ ಇದು ಇನ್ನೂ ಮಜವಾಗಿದೆ. ಅಲ್ಲಿ ಷರತ್ತು ಹೆಸರಿಗೇ ಅಂಟಿಕೊಳ್ಳುತ್ತದೆ. ಬಿ ಅಂದರೆ ಬ್ರಾಂಚ್ (ಬೇರೆ ಜಾಗಕ್ಕೆ ಹಾರು), ಬಿಎಲ್ ಅಂದರೆ ವಾಪಸ್ ಬರುವ ವಿಳಾಸ ಇಟ್ಟುಕೊಂಡು ಬ್ರಾಂಚ್. ಈಗ ಬಿಎಲ್‌ಟಿ ಬಂತು ಅನ್ನಿ. ಉದ್ದದ ಹೆಸರಿಗೆ ಮೊದಲ ಮಣೆ ಎಂದು ಬಿಎಲ್ ಹಿಡಿದರೆ ಟಿ ಉಳಿಯುತ್ತದೆ, ಟಿ ಅನ್ನುವ ಷರತ್ತೇ ಇಲ್ಲ. ಸರಿಯಾದ ಬಿಡಿಸುವಿಕೆ ಬಿ ಮತ್ತು ಎಲ್‌ಟಿ, ಅಂದರೆ ಕಡಿಮೆ ಇದ್ದರೆ ಹೋಗು. ಅದೇ ಬಿಎಲ್‌ಇಕ್ಯೂ ಬಂದರೆ ಬಿಎಲ್ ಮತ್ತು ಇಕ್ಯೂ. ಹಾಗಾಗಿ ಹೆಸರಿನ ತಲೆ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿ. ಉಳಿದ ತುಂಡು ಪೂರ್ತಿ ಒಂದು ಷರತ್ತಾಗುತ್ತದೆಯೇ ನೋಡಿ, ಆಗದಿದ್ದರೆ ಬೇರೆ ಕಡೆ ಕತ್ತರಿಸಿ.

ಕಾಮಾದಲ್ಲಿ ಒಡೆಯುವುದು

ಹೆಸರು ಸಿಕ್ಕಿತು. ಉಳಿದ ಪಠ್ಯವನ್ನು ಕಾಮಾ ಇದ್ದಲ್ಲಿ ಒಡೆಯಬೇಕು. ಭಾಷೆಯ ಸ್ಪ್ಲಿಟ್ ಫಂಕ್ಷನ್ ಕರೆದು ಮುಗಿಸಿಬಿಡೋಣ ಅನ್ನಿಸುತ್ತದೆ ಅಲ್ವಾ? ಇವುಗಳನ್ನು ನೋಡಿ ($ ಅಂದರೆ ಹದಿನಾರರ ಲೆಕ್ಕದ ಸಂಖ್ಯೆ):

ಎಲ್‌ಡಿಎ ($10,ಎಕ್ಸ್)
ಸಿಎಂಪಿ #','
ಎಲ್‌ಡಿಆರ್ ಆರ್0,[ಆರ್1,#4]

ಮೂರರಲ್ಲೂ ಒಡೆಯಬಾರದ ಕಾಮಾ ಒಂದಿದೆ. ಎಡದಿಂದ ಒಂದೊಂದೇ ಅಕ್ಷರ ಓದುತ್ತಾ ಹೋಗಿ. ತೆರೆಯುವ ಕಂಸ ಯಾವ ಬಗೆಯದೇ ಬರಲಿ ಆಳ ಒಂದು ಹೆಚ್ಚಿಸಿ, ಮುಚ್ಚಿದಾಗ ಇಳಿಸಿ. ಉದ್ಧರಣ ಚಿಹ್ನೆ ಬಂದರೆ ಅದು ಮುಚ್ಚುವವರೆಗೆ ಎಲ್ಲವನ್ನೂ ಹಾಗೇ ದಾಟಿಸಿ. ಆಳ ಸೊನ್ನೆ ಇದ್ದಾಗ ಸಿಕ್ಕ ಕಾಮಾ ಮಾತ್ರ ನಿಜವಾದ ಕಾಮಾ. ಕಾಮೆಂಟ್ ಶುರುವಾಗುವ ಅರ್ಧವಿರಾಮವನ್ನೂ ಇದೇ ಓಟದಲ್ಲಿ ಹಿಡಿಯಿರಿ, ಮೊದಲೇ ಬೇರೆಯಾಗಿ ಕತ್ತರಿಸಲು ಹೋದರೆ #';' ಅನ್ನುವುದು ಅರ್ಧಕ್ಕೆ ತುಂಡಾಗುತ್ತದೆ.

ಹೀಗೆ ಒಡೆದರೆ ಒಂದು ಲಾಭ ತಾನಾಗಿಯೇ ಬರುತ್ತದೆ. ($10,ಎಕ್ಸ್) ಒಂದೇ ಆಪರೆಂಡ್ ಆಗಿ ಉಳಿಯುತ್ತದೆ, ($10),ವೈ ಎರಡಾಗುತ್ತದೆ. 6502ನಲ್ಲಿ ಈ ಎರಡರ ಅರ್ಥ ಪೂರ್ತಿ ಬೇರೆ, ಆ ಬೇರೆತನ ಈಗಲೇ ಕೈಗೆ ಬಂತು.

ಉದ್ಧರಣ ಚಿಹ್ನೆಯ ನಿಯಮವನ್ನೂ ಕಲ್ಲಿನಲ್ಲಿ ಕೆತ್ತಬೇಡಿ. ಜೆಡ್80ರಲ್ಲಿ ಇಎಕ್ಸ್ ಎಎಫ್,ಎಎಫ್' ಅಂತ ಒಂದು ಇನ್‌ಸ್ಟ್ರಕ್ಷನ್ ಇದೆ, ಆಪ್‌ಕೋಡ್ 08. ಕೊನೆಯ ಚಿಹ್ನೆ ರಿಜಿಸ್ಟರ್ ಹೆಸರಿನ ಭಾಗ, ಅದಕ್ಕೆ ಜೋಡಿ ಇಲ್ಲ. ನಿಮ್ಮ ಓದುಗ ಕೋಡ್ ಜೋಡಿ ಹುಡುಕುತ್ತಾ ಸಾಲಿನ ತುದಿಯವರೆಗೆ ಓಡಿ, ಕಾಮೆಂಟನ್ನೂ ನುಂಗಿ, ಸ್ಟ್ರಿಂಗ್ ಮುಚ್ಚಿಲ್ಲ ಎಂದು ಬೈಯುತ್ತದೆ. ಹೆಸರಿನ ಅಕ್ಷರಕ್ಕೆ ಅಂಟಿಕೊಂಡೇ ಬಂದ ಚಿಹ್ನೆ ಸ್ಟ್ರಿಂಗ್ ಶುರು ಮಾಡುವುದಿಲ್ಲ ಎಂದು ಜೆಡ್80 ಭಾಗ ಹೇಳುವಂತಿರಲಿ.

ಆಪರೆಂಡ್ ಬಿಡಿಸುವುದು, ಒಂದೇ ಸಲ

ಈಗ ಮುಖ್ಯ ತೀರ್ಮಾನ. ಎರಡು ರೀತಿ ಇವೆ. ಒಂದರಲ್ಲಿ ಟೇಬಲ್‌ನ ಪ್ರತಿ ಸಾಲಿಗೂ ಆಪರೆಂಡ್ ಪಠ್ಯವನ್ನು ಹೊಸದಾಗಿ ಪಾರ್ಸ್ ಮಾಡುತ್ತಾರೆ: ಈ ಸಾಲು ಝೀರೋ ಪೇಜ್ ಕೇಳುತ್ತಿದೆ, ಹಾಗೆ ಓದಲು ಆಗುತ್ತಾ? ಇಲ್ಲ, ಮುಂದಿನ ಸಾಲು. ಇನ್ನೊಂದರಲ್ಲಿ ಆಪರೆಂಡನ್ನು ಒಮ್ಮೆ ಬಿಡಿಸಿ ಅದರ ಆಕಾರವನ್ನು ಬರೆದಿಟ್ಟುಕೊಂಡು, ಆಮೇಲೆ ಸಾಲುಗಳ ಜೊತೆ ಹೋಲಿಸುತ್ತಾರೆ.

ಮೊದಲನೆಯ ರೀತಿಯೂ ನಡೆಯುತ್ತದೆ, ಒಳ್ಳೊಳ್ಳೆಯ ಅಸೆಂಬ್ಲರ್‌ಗಳಲ್ಲೂ ಇದೆ. ಆದರೂ ನನ್ನ ಓಟು ಎರಡನೆಯದಕ್ಕೆ, ಕಾರಣ ವೇಗ ಅಲ್ಲ, ಅಡ್ಡಪರಿಣಾಮ. ಎಕ್ಸ್‌ಪ್ರೆಷನ್ ಪಾರ್ಸ್ ಮಾಡುವಾಗ ಹೊಸ ಲೇಬಲ್ (ವಿಳಾಸಕ್ಕೋ ಬೆಲೆಗೋ ಇಟ್ಟ ಹೆಸರು) ಕಂಡರೆ ಹೆಚ್ಚಿನ ಅಸೆಂಬ್ಲರ್‌ಗಳು ಅದನ್ನು ಸಿಂಬಲ್ ಟೇಬಲ್‌ಗೆ ಸೇರಿಸುತ್ತವೆ. ಹೊಂದದ ಸಾಲಿಗಾಗಿ ಪಾರ್ಸ್ ಮಾಡಿದಾಗ ಎಕ್ಸ್ ಅನ್ನುವ ರಿಜಿಸ್ಟರ್ ಹೆಸರೇ ಒಂದು ಲೇಬಲ್ ಆಗಿ ಸೇರಿಕೊಂಡರೆ, ಆ ಸಾಲು ಬಿಟ್ಟು ಮುಂದೆ ಹೋದರೂ ಕಸ ಅಲ್ಲೇ ಉಳಿಯುತ್ತದೆ. ಕೊನೆಯಲ್ಲಿ ಎಕ್ಸ್ ಎಲ್ಲೂ ಡಿಫೈನ್ ಆಗಿಲ್ಲ ಎಂಬ ಎರರ್, ಸೋರ್ಸ್ ನೋಡಿದರೆ ಎಲ್ಲ ಸರಿ. ಇಂಥದ್ದನ್ನು ಬೆನ್ನಟ್ಟುವುದು ಬೇಸರದ ಕೆಲಸ.

ಹಾಗಾದರೆ ಆಕಾರ ಅಂದರೆ ಏನು? ಪ್ರತಿ ಆಪರೆಂಡ್‌ಗೂ ಇಷ್ಟು ಬರೆದಿಡಿ: ಮುಂದೆ # ಇದೆಯೇ, ಇಡೀ ಆಪರೆಂಡ್ ಕಂಸದೊಳಗಿದೆಯೇ, ಯಾವ ಕಂಸ, ಒಳಗೆ ರಿಜಿಸ್ಟರ್ ಇದೆಯೇ, ಇದ್ದರೆ ಯಾವುದು, ಮತ್ತು ಉಳಿದ ಎಕ್ಸ್‌ಪ್ರೆಷನ್‌ನ ಟ್ರೀ. ಬೆಲೆ ಲೆಕ್ಕ ಹಾಕಬೇಡಿ, ಟ್ರೀ ಇಟ್ಟುಕೊಳ್ಳಿ. ಯಾವುದು ರಿಜಿಸ್ಟರ್ ಅನ್ನುವುದನ್ನು ಪ್ರೊಸೆಸರ್ ಭಾಗವನ್ನೇ ಕೇಳಿ.

ಕೇಳುವಾಗ ಒಂದೇ ಉತ್ತರ ಬರುತ್ತದೆ ಅಂದುಕೊಳ್ಳಬೇಡಿ. ಜೆಡ್80ರಲ್ಲಿ ಸಿ ಅನ್ನುವುದು ರಿಜಿಸ್ಟರ್ ಹೌದು, ಕ್ಯಾರಿ ಇದ್ದರೆ ಅನ್ನುವ ಷರತ್ತೂ ಹೌದು. ಎಲ್‌ಡಿ ಎ,ಸಿ ಅಂದರೆ ರಿಜಿಸ್ಟರ್, ಆಪ್‌ಕೋಡ್ 79. ಜೆಪಿ ಸಿ,ಲೂಪ್ ಅಂದರೆ ಷರತ್ತು, ಆಪ್‌ಕೋಡ್ ಡಿಎ. ಪಾರ್ಸ್ ಮಾಡುವಾಗಲೇ ಯಾವುದೋ ಒಂದು ಅಂತ ತೀರ್ಮಾನಿಸಿದರೆ ಇನ್ನೊಂದು ಕೆಡುತ್ತದೆ. ಇದು ಸಿ, ರಿಜಿಸ್ಟರ್ ಆಗಬಹುದು, ಷರತ್ತೂ ಆಗಬಹುದು ಎಂದು ಎರಡು ಬಿಟ್ ಎತ್ತಿಡಿ. ಟೇಬಲ್‌ನ ಸಾಲು ತನಗೆ ಬೇಕಾದ ಬಿಟ್ ನೋಡಿಕೊಳ್ಳುತ್ತದೆ.

ಕಂಸದ ತಂಟೆ

ಇಲ್ಲಿ ಸ್ವಲ್ಪ ನಿಧಾನಿಸೋಣ. 6502, ಜೆಡ್80 ಎರಡರಲ್ಲೂ ದುಂಡು ಕಂಸಕ್ಕೆ ಎರಡು ಕೆಲಸ: ಈ ವಿಳಾಸದಲ್ಲಿರುವುದನ್ನು ನೋಡು ಅನ್ನುವುದು (ಇನ್‌ಡೈರೆಕ್ಟ್) ಒಂದು, ಲೆಕ್ಕದಲ್ಲಿ ಮೊದಲು ಇದನ್ನು ಮಾಡು ಅನ್ನುವುದು ಇನ್ನೊಂದು.

ಎಲ್‌ಡಿಎ ($10),ವೈ
ಎಲ್‌ಡಿಎ (2+3)*4
ಎಲ್‌ಡಿಎ (2+3)*(4+1)

ಮೊದಲ ಅಕ್ಷರ ಕಂಸವಾದರೆ ಇನ್‌ಡೈರೆಕ್ಟ್ ಎಂದು ಬರೆದರೆ ಎರಡನೇ ಸಾಲು ಕೆಡುತ್ತದೆ. ಸರಿ, ಮೊದಲ ಮತ್ತು ಕೊನೆಯ ಅಕ್ಷರ ಎರಡೂ ಕಂಸವಾಗಿದ್ದರೆ ಅಂತ ತಿದ್ದಿದರೆ ಮೂರನೇ ಸಾಲು ಕೆಡುತ್ತದೆ, ಅದು ಕಂಸದಲ್ಲಿ ಶುರುವಾಗಿ ಕಂಸದಲ್ಲೇ ಮುಗಿದರೂ ಸುತ್ತುವರಿದ ಕಂಸ ಅಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಮೊದಲ ಅಕ್ಷರವಾಗಿ ತೆರೆದ ಕಂಸ ಮುಚ್ಚುವುದು ಆಪರೆಂಡ್‌ನ ಕೊನೆಯ ಅಕ್ಷರದಲ್ಲೇನಾ? ಆಳ ಎಣಿಸುತ್ತಾ ಹೋಗಿ, ಆಳ ಮೊದಲ ಬಾರಿ ಸೊನ್ನೆಗೆ ಬಂದ ಜಾಗ ನೋಡಿ. ಅದು ತುದಿಯಾದರೆ ಸುತ್ತುವರಿದದ್ದು, ಇಲ್ಲವಾದರೆ ಬರೀ ಲೆಕ್ಕ. ಕಾಮಾ ಮೊದಲೇ ಒಡೆದಿಟ್ಟದ್ದರಿಂದ ($10),ವೈ ಇದ್ದಾಗ ನಮ್ಮ ಕೈಗೆ ಬರುವುದು ($10) ಮಾತ್ರ, ಹಾಗಾಗಿ ಪ್ರಶ್ನೆ ನೇರವಾಗಿದೆ.

ಇನ್ನು ಎಲ್‌ಡಿಎ ($10) ಎಂದು ಯಾರಾದರೂ ಬರೆದರೆ? 6502ನಲ್ಲಿ ಹಾಗೊಂದು ಸಾಲೇ ಇಲ್ಲ. ಕಂಸ ಸುಮ್ಮನೆ ಹಾಕಿರಬೇಕು ಎಂದು ಅದನ್ನು ಮಾಮೂಲಿ ವಿಳಾಸವಾಗಿ ತೆಗೆದುಕೊಳ್ಳುವುದು ಒಂದು ರೀತಿ. ನಾನಾದರೆ ಹಾಗೆ ಮಾಡುವುದಿಲ್ಲ, ಎರರ್ ಕೊಡುತ್ತೇನೆ. ಯಾಕೆಂದರೆ 6502ರ ಮುಂದಿನ ರೂಪವಾದ 65ಸಿ02ನಲ್ಲಿ ಇದೇ ಬರಹಕ್ಕೆ ನಿಜವಾದ ಅರ್ಥವಿದೆ, ಆಪ್‌ಕೋಡ್ ಬಿ2. ಮಾಡೆಲ್ ಬದಲಿಸಿದ ತಕ್ಷಣ ಅದೇ ಸೋರ್ಸ್ ಸದ್ದಿಲ್ಲದೆ ಬೇರೆ ಕೆಲಸ ಮಾಡಲು ಶುರು ಮಾಡಿದರೆ ಯಾರಿಗೆ ಬೇಕು? ಮತ್ತೆ ಗಮನಿಸಿ, 65ಸಿ02 ಬೆಂಬಲ ಕೊಡಲು ಪಾರ್ಸರ್‌ನಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ. ಆಕಾರ ಮೊದಲೇ ಸಿಕ್ಕಿದೆ, ಟೇಬಲ್‌ಗೆ ಒಂದು ಸಾಲು ಸೇರಿಸಿದರೆ ಮುಗಿಯಿತು.

ಸಾಲುಗಳಿಗೆ ಹೊಂದಿಸುವುದು

ಲೂಪ್ ಸರಳವಾಗಿದೆ. ಹೆಸರಿನ ಮೊದಲ ಸಾಲಿನಿಂದ ಶುರು ಮಾಡಿ. ಆಪರೆಂಡ್‌ಗಳ ಸಂಖ್ಯೆ ಬೇರೆಯಾದರೆ ಮುಂದಕ್ಕೆ. ಒಂದೊಂದೇ ಆಪರೆಂಡ್‌ನ ಆಕಾರ ಹೋಲಿಸಿ. ಎಲ್ಲ ಹೊಂದಿದರೆ ಬೆಲೆ ಆ ಜಾಗದಲ್ಲಿ ಹಿಡಿಸುತ್ತದೆಯೇ ನೋಡಿ.

ಹೋಲಿಸುವ ಫಂಕ್ಷನ್ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿದರೆ ಸಾಲದು. ಮೂರು ಉತ್ತರ ಬೇಕು: ಹೊಂದಿತು, ಆಕಾರವೇ ಬೇರೆ, ಆಕಾರ ಸರಿ ಆದರೆ ಬೆಲೆ ಹಿಡಿಸುತ್ತಿಲ್ಲ. ಮೂರನೆಯದು ಯಾಕೆ ಬೇಕು ಅನ್ನುವುದು ಎಲ್‌ಡಿಎ #300 ಬರೆದಾಗ ಗೊತ್ತಾಗುತ್ತದೆ. ಬರೀ ಇಲ್ಲ ಎಂದರೆ ಬಳಕೆದಾರನಿಗೆ ಸಿಗುವುದು ತಪ್ಪು ಇನ್‌ಸ್ಟ್ರಕ್ಷನ್ ಎಂಬ ಸಂದೇಶ. ಅವನು ಎಲ್‌ಡಿಎ ಸ್ಪೆಲಿಂಗ್ ನೋಡುತ್ತಾ ಕೂರುತ್ತಾನೆ. ಮೂರನೇ ಉತ್ತರ ಬಂದ ಸಾಲನ್ನು ನೆನಪಿಟ್ಟುಕೊಂಡು, ಬೇರೆ ಯಾವ ಸಾಲೂ ಹೊಂದದಿದ್ದಾಗ ಅದನ್ನೇ ಹೇಳಿ: 300 ಒಂದು ಬೈಟಿನಲ್ಲಿ ಹಿಡಿಸುವುದಿಲ್ಲ. ಬೈಟ್ ಅಂದರೆ ಇಲ್ಲಿ −128ರಿಂದ 255ರವರೆಗೆ ಬಿಟ್ಟುಕೊಡಿ, ಜನ #-1 ಅಂತಲೂ ಬರೆಯುತ್ತಾರೆ, #255 ಅಂತಲೂ ಬರೆಯುತ್ತಾರೆ.

ಇದೇ ಲೆಕ್ಕದಲ್ಲಿ ಎಸ್‌ಟಿಎಕ್ಸ್ $1234,ವೈ ನೋಡಿ. ಎಸ್‌ಟಿಎಕ್ಸ್‌ಗೆ ವೈ ಜೊತೆ ಝೀರೋ ಪೇಜ್ ರೂಪ ಮಾತ್ರ ಇದೆ, ಆಪ್‌ಕೋಡ್ 96, ಆಬ್ಸಲ್ಯೂಟ್ ಇಲ್ಲ. ಈ ವಿಳಾಸ ಝೀರೋ ಪೇಜ್‌ನಲ್ಲಿಲ್ಲ ಎಂದು ಸ್ಪಷ್ಟವಾಗಿ ಹೇಳಬಹುದು. ತದ್ವಿರುದ್ಧವಾಗಿ ಎಲ್‌ಡಿಎ $10,ವೈ ಬಂದರೆ ಎರರ್ ಬೇಡ. ಎಲ್‌ಡಿಎಗೆ ವೈ ಜೊತೆ ಝೀರೋ ಪೇಜ್ ರೂಪ ಇಲ್ಲ, ಆದರೆ ಆಬ್ಸಲ್ಯೂಟ್ ಇದೆ, ಹಾಗಾಗಿ ಬಿ9 10 00 ಎಂದು ಮೂರು ಬೈಟ್ ಬರುತ್ತದೆ. ಟೇಬಲ್ ಸರಿಯಿದ್ದರೆ ಇದು ತಾನಾಗಿಯೇ ಆಗುತ್ತದೆ.

ಮಾಡೆಲ್ ಗುರುತನ್ನು ಕೊನೆಯಲ್ಲಿ ನೋಡಿ. ಬೇರೆ ಮಾಡೆಲ್‌ನ ಸಾಲುಗಳನ್ನು ಮೊದಲೇ ಕಿತ್ತುಹಾಕಿದರೆ, ಬಿಆರ್‌ಎ ಬರೆದವನಿಗೆ ಅಂಥ ಇನ್‌ಸ್ಟ್ರಕ್ಷನ್ ಇಲ್ಲ ಅಂತಷ್ಟೇ ಹೇಳಬೇಕಾಗುತ್ತದೆ. ಸಾಲು ಉಳಿಸಿಕೊಂಡಿದ್ದರೆ ಇದು 65ಸಿ02ನಲ್ಲಿ ಇದೆ, ನೀವು 6502 ಆರಿಸಿದ್ದೀರಿ ಎಂದು ಹೇಳಬಹುದು.

ಇನ್ನೂ ಗೊತ್ತಿಲ್ಲದ ಲೇಬಲ್

ಚಿಕ್ಕ ಸಾಲು ಮೇಲಿಡಿ ಅಂದೆ. ಅದಕ್ಕೊಂದು ಗುಂಡಿ ಇದೆ. ಎಲ್‌ಡಿಎ ಲೆಕ್ಕ ಎಂದು ಬರೆದಿದ್ದಾರೆ, ಲೆಕ್ಕ = $20 ಅನ್ನುವುದು ಫೈಲಿನ ಕೊನೆಯಲ್ಲಿದೆ ಅನ್ನಿ. ಮೊದಲ ಪಾಸ್‌ನಲ್ಲಿ, ಅಂದರೆ ಸೋರ್ಸನ್ನು ಮೊದಲ ಸಲ ಓದುವಾಗ, ಬೆಲೆ ಗೊತ್ತಿಲ್ಲ, ಹಾಗಾಗಿ ಆಬ್ಸಲ್ಯೂಟ್ ಹಿಡಿದಿರಿ, 3 ಬೈಟ್. ಎರಡನೇ ಪಾಸ್‌ನಲ್ಲಿ ಬೆಲೆ $20 ಎಂದು ಗೊತ್ತಾಯಿತು, ಹೊಸದಾಗಿ ಹೊಂದಿಸಿದರೆ ಝೀರೋ ಪೇಜ್ ಸಾಲು ಸಿಗುತ್ತದೆ, 2 ಬೈಟ್. ಈಗ ಅದರ ಕೆಳಗಿನ ಲೇಬಲ್‌ಗಳೆಲ್ಲ ಒಂದು ಬೈಟ್ ಹಿಂದೆ ಸರಿದವು, ಮೊದಲ ಪಾಸ್‌ನಲ್ಲಿ ಬರೆದಿಟ್ಟ ವಿಳಾಸಗಳೆಲ್ಲ ಸುಳ್ಳಾದವು.

ಸುಲಭದ ಪರಿಹಾರ: ಮೊದಲ ಪಾಸ್‌ನಲ್ಲಿ ಬೆಲೆ ಗೊತ್ತಿಲ್ಲದಿದ್ದರೆ ದೊಡ್ಡ ರೂಪ ಹಿಡಿಯಿರಿ, ಯಾವ ಸಾಲು ಹಿಡಿದಿರಿ ಎಂದು ಆ ಇನ್‌ಸ್ಟ್ರಕ್ಷನ್ ಜೊತೆಗೇ ಬರೆದಿಡಿ, ಎರಡನೇ ಪಾಸ್‌ನಲ್ಲಿ ಮತ್ತೆ ಹುಡುಕಬೇಡಿ. ಒಂದು ಬೈಟ್ ದಂಡವಾದರೂ ವಿಳಾಸ ಸರಿ ಇರುತ್ತದೆ. ದೊಡ್ಡ ರೂಪವೇ ಇಲ್ಲದ ಕಡೆ, ಮೇಲಿನ ಎಸ್‌ಟಿಎಕ್ಸ್ ಥರದಲ್ಲಿ, ಇರುವ ಚಿಕ್ಕದನ್ನೇ ಹಿಡಿದು ಬೆಲೆಯ ಪರೀಕ್ಷೆಯನ್ನು ಕೊನೆಗೆ ತಳ್ಳಿ. ಆ ಬೈಟೂ ದಂಡವಾಗಬಾರದು ಅನ್ನುವವರು ಎಲ್ಲವನ್ನೂ ಚಿಕ್ಕ ರೂಪದಲ್ಲಿ ಶುರು ಮಾಡಿ, ಹಿಡಿಸದವನ್ನು ದೊಡ್ಡದು ಮಾಡುತ್ತಾ, ಏನೂ ಬದಲಾಗದವರೆಗೆ ಪಾಸ್ ಓಡಿಸಬಹುದು. ಆದರೆ ಒಂದು ಷರತ್ತು: ಒಮ್ಮೆ ದೊಡ್ಡದಾದದ್ದು ಮತ್ತೆ ಚಿಕ್ಕದಾಗಬಾರದು. ಈ ಷರತ್ತಿಲ್ಲದಿದ್ದರೆ ಎರಡು ಇನ್‌ಸ್ಟ್ರಕ್ಷನ್‌ಗಳು ಒಂದನ್ನೊಂದು ತಳ್ಳಾಡುತ್ತಾ ಪಾಸ್ ಮುಗಿಯದೇ ಇರಬಹುದು.

ಬಿಎನ್‌ಇ ಥರದ ಬ್ರಾಂಚ್‌ಗಳ ದೂರವನ್ನು ಕೊನೆಯ ಪಾಸ್‌ನಲ್ಲಿ ಮಾತ್ರ ಪರೀಕ್ಷಿಸಿ, ಮುಂಚೆ ಮಾಡಿದರೆ ಸುಳ್ಳು ಎರರ್ ಬರುತ್ತದೆ. ದೂರ ಎಣಿಸುವುದು ಬ್ರಾಂಚ್ ಇರುವ ಜಾಗದಿಂದಲ್ಲ, ಅದರ ಮುಂದಿನ ಇನ್‌ಸ್ಟ್ರಕ್ಷನ್‌ನ ವಿಳಾಸದಿಂದ, −128ರಿಂದ 127ರವರೆಗೆ.

ಪರೀಕ್ಷೆ

ಟೇಬಲ್ ಇದೆಯಲ್ಲ, ಪರೀಕ್ಷೆಯ ಸೋರ್ಸನ್ನೂ ಅದರಿಂದಲೇ ತಯಾರಿಸಿ. ಪ್ರತಿ ಸಾಲಿಗೂ ಒಂದು ಮಾದರಿ ಬರೆಯುವ ಚಿಕ್ಕ ಸ್ಕ್ರಿಪ್ಟ್ ಸಾಕು, 6502ಗೆ 151 ಸಾಲಿನ ಫೈಲ್ ಬರುತ್ತದೆ. ಬಂದ ಬೈಟ್‌ಗಳನ್ನು ಮಾತ್ರ ನಿಮ್ಮ ಟೇಬಲ್ ಜೊತೆ ಹೋಲಿಸಬೇಡಿ, ಟೇಬಲ್‌ನಲ್ಲೇ ತಪ್ಪಿದ್ದರೆ ಎರಡೂ ಕಡೆ ಒಂದೇ ತಪ್ಪು ಇರುತ್ತದೆ. ಅದೇ ಫೈಲನ್ನು ಬೇರೆ ಯಾರೋ ಬರೆದ ಅಸೆಂಬ್ಲರ್‌ಗೆ ಕೊಟ್ಟು ಎರಡು ಔಟ್‌ಪುಟ್ ಹೋಲಿಸಿ. ಆಮೇಲೆ ಕೈಯಿಂದ ಒಂದು ಫೈಲ್ ಬರೆಯಿರಿ, ಅದರಲ್ಲಿ ಮೇಲಿನ ಕಂಸದ ಮೂರು ಸಾಲು, #',' ಮತ್ತು #';', 255 ಹಾಗೂ 256ರ ವಿಳಾಸಗಳು, ಸರಿಯಾಗಿ 127 ದೂರದ ಒಂದು ಬ್ರಾಂಚ್ ಇರಲಿ. ಅದೇ ಬ್ರಾಂಚ್ ಅನ್ನು 128 ದೂರಕ್ಕೆ ಇಟ್ಟು ಇನ್ನೊಂದು ಫೈಲ್ ಮಾಡಿ, ಅಲ್ಲಿ ಎರರ್ ಬರಲೇಬೇಕು.